ವಿಸಿಟರಮ್ಮನಿಗೆ ಕನ್ನಡ ಬರುವುದಿಲ್ಲ

ಎಂಬತ್ತರ ದಶಕದ ನಡುವಿನ ಕೆಲವು ವರ್ಷ ನಾನು ಕೊಯಮತ್ತೂರಿನ ಒಂದು ಧರ್ಮಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಹಾಸಿಗೆ ಹಿಡಿದವರಿಗೆ ಅವರವರ ಮನೆಯಲ್ಲೇ ಆರೈಕೆ ಸಿಗುವಂತೆ ಮಾಡುವುದು ಆ ಸಂಸ್ಥೆಯ ಉದ್ದೇಶ. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರೊಂದಿತ್ತು, ಅದನ್ನು ಯಾರೂ ಬಾಯಿಗೆ ಹಚ್ಚಿಕೊಳ್ಳಲಿಲ್ಲ. ಮನೆಮನೆಗೆ ಹೋಗುತ್ತಿದ್ದೆನಾದ್ದರಿಂದ ಜನ ‘ವಿಸಿಟರಮ್ಮ’ ಎಂದು ಕರೆದರು. ನಾನು ಯಾರನ್ನೂ ಎತ್ತಿ ಕೂರಿಸುತ್ತಿರಲಿಲ್ಲ, ಯಾರ ಹುಣ್ಣನ್ನೂ ತೊಳೆಯುತ್ತಿರಲಿಲ್ಲ. ಯಾವ ಮನೆಗೆ ಯಾವ ಆಯಾ ಹೊಂದುತ್ತಾಳೆ, ಡಾಕ್ಟರನ್ನು ಯಾವ ವಾರ ಕರೆಸಬೇಕು, ವಾಕರ್ ಎಲ್ಲಿ ಸಿಗುತ್ತದೆ, ಯಾರ ಮುನಿಸನ್ನು ಯಾರಿಂದ ಹೇಳಿಸಿ ಇಳಿಸಬೇಕು, ಇಂಥದ್ದನ್ನೆಲ್ಲ ಹೊಂದಿಸುವುದೇ ನನ್ನ ಕೆಲಸ. ಮದುವೆ ದಲ್ಲಾಳಿಯ ಕೆಲಸಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿರಲಿಲ್ಲ. ಏನೆಂದರೆ, ದಲ್ಲಾಳಿಗೆ ಕೊನೆಗೆ ಒಂದು ಸೀರೆಯಾದರೂ ಸಿಗುತ್ತದೆ.

ನನ್ನೂರು ಚಾಮರಾಜನಗರದ ಕಡೆ. ದಿಂಬಂ ಘಾಟಿ ಇಳಿದು ಸತ್ಯಮಂಗಲದ ಮೇಲೆ ಬಂದರೆ ಕೊಯಮತ್ತೂರು ದೂರವೇನಲ್ಲ. ಆದರೆ ಅವ್ವ ತೀರಿಕೊಂಡ ಮೇಲೆ ಊರಿನಲ್ಲಿ ಉಳಿದದ್ದು ಅಣ್ಣನ ಸಂಸಾರ. ಅಲ್ಲಿ ನಾನು ಮದುವೆಯಾಗದೆ ಉಳಿದ ತಂಗಿ. ಹಬ್ಬಕ್ಕೆಂದು ಹೋದರೆ ಚೀಲ ಇಳಿಸುವ ಮೊದಲೇ ‘ರಜೆ ಎಷ್ಟು ದಿನ?’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಕೇಳುವವರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಮನೆ ಚಿಕ್ಕದು, ಅಷ್ಟೇ. ಬರಬರುತ್ತಾ ನಾನು ಹೋಗುವುದನ್ನೇ ಕಡಿಮೆ ಮಾಡಿದೆ.

ಆರ್.ಎಸ್. ಪುರಂನ ಒಂದು ಮಹಿಳಾ ಹಾಸ್ಟೆಲಿನಲ್ಲಿ ನನ್ನ ವಾಸ. ಕೋಣೆಯಲ್ಲಿ ಜೊತೆಗಿದ್ದವರಲ್ಲಿ ಒಬ್ಬಳು ಟೀಚರು, ಇನ್ನೊಬ್ಬಳು ಬ್ಯಾಂಕಿನವಳು. ಇಬ್ಬರೂ ಒಳ್ಳೆಯವರೇ. ಇಬ್ಬರೂ ಶನಿವಾರ ಮಧ್ಯಾಹ್ನ ತಮ್ಮ ತಮ್ಮ ಊರಿನ ಬಸ್ಸು ಹತ್ತಿಬಿಡುತ್ತಿದ್ದರು. ಭಾನುವಾರ ಇಡೀ ಕೋಣೆ ನನ್ನದು. ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ, ಬೇಡದ ಒಂದು ಬಾಚಣಿಗೆಯನ್ನೋ ಪಿನ್ನನ್ನೋ ಕೊಂಡು ವಾಪಸು ಬರುತ್ತಿದ್ದೆ. ಅಂಗಡಿಯವನ ಜೊತೆ ಚೌಕಾಸಿ ಮಾಡಿದಷ್ಟೇ ಅವತ್ತಿನ ಮಾತು. ನನಗೆ ಆ ಊರಿನಲ್ಲಿ ತೀರಾ ಒಂಟಿ ಎನ್ನಿಸುತ್ತಿತ್ತು, ಅದನ್ನು ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ.

ಕೊಯಮತ್ತೂರಿನ ಸುತ್ತ ಕನ್ನಡ ಆಡುವವರಿಲ್ಲವೆಂದಲ್ಲ. ನೇಕಾರರ ಬೀದಿಗಳಲ್ಲಿ, ತೋಟದ ಮನೆಗಳಲ್ಲಿ, ಎಷ್ಟೋ ತಲೆಮಾರುಗಳಿಂದ ಬೇರುಬಿಟ್ಟ ಸಂಸಾರಗಳಿದ್ದವು. ಆದರೆ ಅವರ ಕನ್ನಡ ಹೊಸಿಲಿನ ಒಳಗಿನದು. ಅದು ಗಂಡ ಹೆಂಡತಿ ಜಗಳಕ್ಕೆ, ಮಕ್ಕಳನ್ನು ಗದರುವುದಕ್ಕೆ, ಹಸುವನ್ನು ಮುದ್ದು ಮಾಡುವುದಕ್ಕೆ. ಹೊಸಿಲು ದಾಟಿದರೆ ತಮಿಳು. ಮೊದಮೊದಲು ಉತ್ಸಾಹದಲ್ಲಿ ಒಂದೆರಡು ಕಡೆ ನಾನಾಗಿ ಕನ್ನಡದಲ್ಲಿ ಮಾತಾಡಿಸಿ ನೋಡಿದೆ. ಅವರು ನನ್ನ ಬಾಯನ್ನೇ ದಿಟ್ಟಿಸಿ, ‘ನಿಮ್ಮದು ಬುಕ್ಕಿನ ಕನ್ನಡ’ ಎಂದು ನಕ್ಕು, ಮುಂದಿನ ಮಾತನ್ನು ತಮಿಳಿನಲ್ಲೇ ಆಡಿದರು. ಸ್ನಾನಕ್ಕೆ ಹೋದವರ ಬಾಗಿಲು ತಟ್ಟಿದ ಹಾಗೆ ನನಗೇ ನಾಚಿಕೆಯಾಯಿತು. ಆಮೇಲೆ ನಾನೂ ಕೆಲಸದಲ್ಲಿ ತಮಿಳನ್ನೇ ಹಿಡಿದೆ.

ಪಲ್ಲಡದ ಆಚೆ, ಟೌನ್ ಬಸ್ಸು ಇಳಿದು ಒಂದಿಷ್ಟು ನಡೆದರೆ ಸಿಗುವ ತೋಟದ ಮನೆಯೊಂದಕ್ಕೆ ನಾನು ಮೊದಲು ಹೋದದ್ದು ಹೀಗೆ ತಮಿಳಿನ ನಿಲುವಂಗಿ ತೊಟ್ಟೇ. ಬೇಸಾಯದ ಮನೆ. ಬಾವಿಯ ನೀರು ಇಳಿದ ಮೇಲೆ ಯಜಮಾನ ಮನೆಯ ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಿದ್ದ. ಅವನ ಸೋದರತ್ತೆ, ಅಂದರೆ ತಂದೆಯ ಅಕ್ಕ, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ವಾಪಸು ಬಂದವರು, ಮಕ್ಕಳಿಲ್ಲ. ಈ ಯಜಮಾನನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಅತ್ತೆಯನ್ನು ಹಗಲು ಹೊತ್ತು ನೋಡಿಕೊಳ್ಳಲು ನಾವು ಒಬ್ಬ ಆಯಾಳನ್ನು ಕಳಿಸಬೇಕಿತ್ತು.

ಜಗಲಿಯ ಮೇಲೆ ಕುರ್ಚಿ ಹಾಕಿದರು. ನಾನು ನನ್ನ ಹೊಸ ತಮಿಳಿನಲ್ಲಿ ಠೀವಿಯಿಂದ ಕೇಳಬೇಕಾದ್ದನ್ನು ಕೇಳಿದೆ. ಯಜಮಾನ ಉತ್ತರ ಹೇಳುತ್ತಿದ್ದ. ಅವನ ಹೆಂಡತಿ ಕಂಬಕ್ಕೆ ಒರಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಗ್ಗದ ಸದ್ದಿನಲ್ಲಿ ಆ ಮನೆಯವರಿಗೆಲ್ಲ ಕೂಗಿ ಮಾತಾಡುವ ಅಭ್ಯಾಸ. ಅವಳು ಗಂಡನಿಗೆ ಕೂಗಿ ಹೇಳಿದಳು:

“ಇದೇನು ಒಣಕಡ್ಡಿ ಹಂಗವ್ಳೆ! ಅತ್ತೇನ ಎತ್ತಕ್ಕೆ ಇವ್ಳನ್ನ ಕಳ್ಸವ್ರಾ? ಅತ್ತೇನೇ ಇವ್ಳನ್ನ ಎತ್ತಿ ಕೂರ್ಸ್ಬೇಕು!”

“ಅಲ್ಲ ಕಣೆ, ಇವ್ರು ಚುಮ್ಮಾ ನೋಡ್ಕೊಂಡು ಹೋಗಕ್ಕೆ ಬಂದವ್ರೆ. ಆಯಾ ಅಪ್ಪುರಂ ಬತ್ತಾಳೆ.”

“ಮಾತು ಕೇಳಿದ್ರೆ ಮಲೆಯಾಳದವ್ಳ ಹಂಗದೆ. ಪಾವ, ಕಲ್ಯಾಣ ಆದಂಗಿಲ್ಲ. ಯಾವನು ಕಟ್ಕೊಂಡಾನು ಈ ಬೆನ್ನುಮೂಳೆಯ!”

ಹೇಳಿ, ನನ್ನ ಕಡೆ ತಿರುಗಿ, ತುಂಬು ಮರ್ಯಾದೆಯ ತಮಿಳಿನಲ್ಲಿ ‘ಕಾಫಿ ಕುಡೀರಿ ಅಮ್ಮಾ’ ಎಂದಳು. ಆ ಗಳಿಗೆಯಲ್ಲಿ ನಾನು ‘ನನಗೂ ಕನ್ನಡ ಬರುತ್ತದೆ’ ಎಂದು ಹೇಳುವುದಾದರೂ ಹೇಗೆ? ಅವಳ ಮುಖ ಎಲ್ಲಿಟ್ಟುಕೊಳ್ಳಬೇಕು, ನನ್ನದನ್ನು ಎಲ್ಲಿಟ್ಟುಕೊಳ್ಳಬೇಕು? ಕಾಫಿ ಕುಡಿದೆ. ಮಲೆಯಾಳದ ಬೆನ್ನುಮೂಳೆಯಾಗಿಯೇ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತ ಮೇಲೆ ನಗು ಬಂತು. ಎಷ್ಟೋ ತಿಂಗಳ ಮೇಲೆ ನನ್ನನ್ನು ಯಾರೋ ಕನ್ನಡದಲ್ಲಿ ಬೈದಿದ್ದರು.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಆ ಮನೆಗೆ ಹೋಗುವುದು ನನ್ನ ಪಾಲಿಗೆ ಊರಿಗೆ ಹೋದ ಹಾಗಾಯಿತು. ನಿಯಮದ ಪ್ರಕಾರ ಮೂರು ತಿಂಗಳಿಗೊಮ್ಮೆ ಹೋದರೆ ಸಾಕಿತ್ತು. ನಾನು ಏನಾದರೊಂದು ನೆಪ ಹುಡುಕುತ್ತಿದ್ದೆ. ಜಗಲಿಯ ಮೇಲೆ ಕೂತರೆ ಸಾಕು, ಮನೆಯ ಮಾತೆಲ್ಲ ನನ್ನ ತಲೆಯ ಮೇಲೆ ಹಾದು ಹೋಗುತ್ತಿತ್ತು. ಹಸು ಒದ್ದದ್ದು, ಯಜಮಾನನ ಹೆಂಡತಿಯ ತವರಿನವರು ಮಾವಿನಕಾಯಿ ಕಳಿಸದೆ ಇದ್ದದ್ದು, ಮಗ್ಗದ ಕೆಲಸಗಾರ ತಿರುಪ್ಪೂರಿನ ಬನಿಯನ್ ಕಂಪನಿಗೆ ಓಡಿಹೋದದ್ದು. ಸಂಬಂಧವಿಲ್ಲದವಳ ಹಾಗೆ ನಾನು ಬಾವಿಯ ಕಡೆ ನೋಡುತ್ತಾ ಎಲ್ಲವನ್ನೂ ನುಂಗುತ್ತಿದ್ದೆ. ಅವರದ್ದು ತಮಿಳಿನ ರಾಗದಲ್ಲಿ ಏರಿಳಿಯುವ ಕನ್ನಡ, ಅರ್ಧ ಪದಗಳು ತಮಿಳೇ, ಆಮೇಲೆಗೆ ‘ಅಪ್ಪುರಂ’, ಪಾಪಕ್ಕೆ ‘ಪಾವ’, ಗಾಡಿಗೆ ‘ವಂಡಿ’. ಆದರೂ ಅವಳು ‘ಥೂ ನಿನ್ನ’ ಎಂದು ಕೋಳಿಯನ್ನು ಅಟ್ಟುವಾಗ ಥೇಟು ನನ್ನ ಅವ್ವನ ದನಿ.

ನಾನು ಕಳಿಸಿದ ಆಯಾ ಪಲ್ಲಡದವಳು, ಮೊದಲು ಕೋಳಿ ಫಾರಂನಲ್ಲಿ ದುಡಿದಿದ್ದವಳು. ತಮಿಳು ಬಿಟ್ಟರೆ ಬೇರೇನೂ ತಿಳಿಯದು. ಮೈಕಟ್ಟು ಗಟ್ಟಿ, ಬಾಯಿ ಇನ್ನೂ ಗಟ್ಟಿ. ಅವಳು ಒಂದೇ ಹಿಡಿತಕ್ಕೆ ಎತ್ತಿ ಮಗ್ಗುಲು ಬದಲಿಸುವಾಗ ಅತ್ತೆ, “ಏನೇ, ನನ್ನೇನು ಕೋಳಿ ಅಂದ್ಕೊಂಡ್ಯಾ?” ಎಂದು ಕನ್ನಡದಲ್ಲಿ ಗೊಣಗುತ್ತಿದ್ದರು. ಅರ್ಥವಾಗದೆ ಅವಳು ‘ಸರಿ ಸರಿ’ ಎಂದು ತಲೆಯಾಡಿಸುತ್ತಿದ್ದಳು. ಅತ್ತೆಗೆ ತಮಿಳು ಬರದೆ ಇರಲಿಲ್ಲ. ಸಂತೆಯ ವ್ಯವಹಾರವನ್ನೆಲ್ಲ ಅವರೇ ಮಾಡಿದವರು. ಆದರೆ ನೋವು, ಗೊಣಗಾಟ, ತಮಾಷೆ, ಇವು ಮಾತ್ರ ಕನ್ನಡದಲ್ಲೇ ಬರುತ್ತಿದ್ದವು. ಅವರ ಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಶೆಡ್ಡಿಗೆ ಕನ್ನಡದಲ್ಲಿ ಕೂಗಾಟ ನಡೆದೇ ಇರುತ್ತಿತ್ತು. ಮಲಗಿದಲ್ಲಿಂದಲೇ ಮನೆ ಆಳುತ್ತಿದ್ದರು.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ಹೋದಾಗ ಯಜಮಾನ ನನಗಾಗಿಯೇ ಕಾಯುತ್ತಿದ್ದ. ಕೊಯಮತ್ತೂರಿನಲ್ಲಿ ನಮ್ಮ ಸಂಸ್ಥೆಯದೇ ಒಂದು ನಿಲಯವಿತ್ತು, ನೋಡಿಕೊಳ್ಳುವವರಿಲ್ಲದ ವಯಸ್ಸಾದವರಿಗೆ ಕೆಲವು ಮಂಚಗಳು. ಅಲ್ಲಿಗೆ ಬಂದವರು ಸಾಮಾನ್ಯವಾಗಿ ಅಲ್ಲಿಯೇ ಕೊನೆ ಕಾಣುತ್ತಿದ್ದರು. ಅತ್ತೆಯನ್ನು ಅಲ್ಲಿಗೆ ಸೇರಿಸಿಕೊಳ್ಳಬೇಕು, ಅತ್ತೆ ತಾವಾಗಿಯೇ ಒಪ್ಪಿದ್ದಾರೆ ಎಂದು ಅವನು ತಮಿಳಿನಲ್ಲಿ ಹೇಳಿದ. ಅವರನ್ನೇ ಕೇಳದೆ ನಾವು ಯಾರನ್ನೂ ಕರೆದೊಯ್ಯುವುದಿಲ್ಲ ಎಂದೆ ನಾನು. ಅದು ನಮ್ಮಲ್ಲಿ ಕಟ್ಟುನಿಟ್ಟು. ವಿಸಿಟರಮ್ಮ ಖುದ್ದಾಗಿ ಕೇಳಬೇಕು, ಅವರು ಖುದ್ದಾಗಿ ಹೂಂ ಅನ್ನಬೇಕು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನನ್ನೆದುರಿಗೇ, ನಾನೊಂದು ಕಂಬವೆಂಬಂತೆ, ಕನ್ನಡದಲ್ಲಿ ಮಾತು ನಡೆಯಿತು.

“ಕೇಳಿದ್ರೆ ಅತ್ತೆ ಏನಂತದೋ?” ಎಂದ ಅವನು.

“ಏನೂ ಅನ್ನಲ್ಲ. ಹತ್ತು ದಿನ ಕಾಲಿಗೆ ವೈದ್ಯ ಅಂತ ನೆನ್ನೇನೇ ಹೇಳಿವ್ನಿ. ಹೋದ್ಮೇಲೆ ಅಲ್ಲೇ ಒಗ್ಗೋಗ್ತದೆ.”

“ಪಾವ ಕಣೆ.”

“ನಾನು ಪಾವ ಅಲ್ವಾ? ಆ ರೂಮ್ನಲ್ಲಿ ಇನ್ನೆರಡು ಮಗ್ಗ ಹಾಕ್ತೀನಿ ಅಂದೋರು ಯಾರು? ನೀವೇ ತಾನೇ?”

ಅವನು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ನನ್ನ ಕಡೆ ತಿರುಗಿ, ಬನ್ನಿ ಅಮ್ಮಾ, ನೀವೇ ಕೇಳಿ ಎಂದು ತಮಿಳಿನಲ್ಲಿ ಕರೆದ.

ಕೋಣೆಯಲ್ಲಿ ಆಯಾ ಅತ್ತೆಯ ತಲೆ ಬಾಚಿ ಮುಗಿಸುತ್ತಿದ್ದಳು. ನಾನು ಮಂಚದ ಪಕ್ಕ ಕೂತು, ನಮ್ಮ ನಿಲಯಕ್ಕೆ ಬರುತ್ತೀರಾ ಎಂದು ತಮಿಳಿನಲ್ಲಿ ಕೇಳಿದೆ. ಅತ್ತೆ ತಮಿಳಿನಲ್ಲೇ ‘ಬರ್ತೀನಿ’ ಎಂದರು. ಕೆಲಸ ಮುಗಿಯಿತು. ನಾನು ಏಳಬಹುದಿತ್ತು. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತ ಅಳಿಯನ ಕಡೆ ತಿರುಗಿ, ಶೆಡ್ಡಿನ ಸದ್ದನ್ನು ಮೀರಿಸಿ ಕನ್ನಡದಲ್ಲಿ ಕೂಗಿದರು:

“ಹತ್ತೇ ದಿನ, ಮರೀಬ್ಯಾಡ. ಹನ್ನೊಂದ್ನೇ ದಿನ ವಂಡಿ ತಕ್ಕೊಂಡು ಬಂದ್ಬುಡು. ಕೆಂದ ಹಸ ಈಯೋವಾಗ ನಾನಿಲ್ದೆ ಇದ್ರೆ ನಿನ್ ಹೆಂಡ್ರು ಗಿಣ್ಣಾಲ್ನ ಕೆಡ್ಸಿ ಹಾಕ್ತಾಳೆ.”

“ಬತ್ತೀನತ್ತೆ,” ಎಂದ ಅವನು, ಗೋಡೆ ನೋಡಿಕೊಂಡು.

ನನಗೆ ಸಿಟ್ಟು ಬಂತು. ಅವನ ಮೇಲೋ, ಅವಳ ಮೇಲೋ, ಅಣ್ಣನ ಮನೆಯಲ್ಲಿ ಚೀಲ ಇಳಿಸುವ ಮೊದಲೇ ನನ್ನ ರಜೆ ಕೇಳಿದವರ ಮೇಲೋ, ಬಿಡಿಸಿ ಹೇಳಲಾರೆ. ಈಗ ಬಾಯಿ ಬಿಟ್ಟರೆ ಈ ಮನೆ ನನ್ನ ಪಾಲಿಗೆ ಮುಗಿಯಿತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ. ಅದೇ ಹೊತ್ತಿಗೆ ಕರೆಂಟು ಹೋಗಬೇಕೆ! ಮಗ್ಗಗಳೆಲ್ಲ ಗಕ್ಕನೆ ನಿಂತವು. ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಅತ್ತೆ,” ಎಂದೆ ಕನ್ನಡದಲ್ಲಿ, “ಹತ್ತು ದಿನಕ್ಕಲ್ಲ. ನಮ್ಮಲ್ಲಿಗೆ ಬಂದವರು ವಾಪಸು ಹೋಗುವುದಿಲ್ಲ. ಅದು ಗೊತ್ತಿದ್ದೂ ಬರ್ತೀರಾ?”

ನಮ್ಮ ಹಿಂದೆ ಯಾರೋ ಉಸಿರು ಎಳೆದುಕೊಂಡರು. ಅತ್ತೆ ತಲೆಯೆತ್ತಿ ನನ್ನ ಕಡೆ ತಿರುಗಿದರು.

“ನೀ ನಮ್ಮ ಮಾತಾಡ್ತೀಯಾ?”

“ಹೂಂ ಅತ್ತೆ.”

“ಯಾವೂರು?”

“ಚಾಮರಾಜನಗರದ ಕಡೆ.”

“ಅಂಗಾರೆ ಮೊದ್ಲಿಂದ್ಲೂ ಎಲ್ಲಾ ಕೇಳ್ತಿದ್ದಾ? ಒಣಕಡ್ಡಿ, ಬೆನ್ನುಮೂಳೆ, ಎಲ್ಲಾನೂವೇ?”

“ಎಲ್ಲಾನೂ.”

ಅವರು ನಕ್ಕರು. ಹಲ್ಲಿಲ್ಲದ ಬಾಯಿ ತುಂಬಾ, ಹೊಟ್ಟೆ ಕುಲುಕಿ, ಸೊಂಟ ಹಿಡಿದುಕೊಂಡು ‘ಅಯ್ಯೋ ನೋವು’ ಅನ್ನುತ್ತಲೇ ನಕ್ಕರು. ನನಗೂ ನಗು ಬಂತು. ಆ ಅಷ್ಟು ಹೊತ್ತು ನಾನು ಆ ಮನೆಯವಳೇ ಆಗಿದ್ದೆ. ಆಮೇಲೆ ನಾನು ಹೇಳಿದ ಇನ್ನೊಂದು ಮಾತು ಅವರಿಗೆ ನಿಧಾನವಾಗಿ ತಾಕಿತು. ನಗು ಅರ್ಧಕ್ಕೇ ನಿಂತಿತು. ಬಾಗಿಲ ಕಡೆ ತಿರುಗಿದರು.

“ಏನಪ್ಪಾ, ವಾಪಸ್ ಬರಂಗಿಲ್ವಂತಲ್ಲಾ?”

ಯಜಮಾನ ಬಂದು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತುಬಿಟ್ಟ. ನಡುವಯಸ್ಸಿನ ಗಂಡಸು, ನನ್ನೆದುರಿಗೇ ಬಿಕ್ಕಿ ಬಿಕ್ಕಿ ಅತ್ತ. “ಕಳ್ಸಲ್ಲ ಅತ್ತೆ, ಎಲ್ಲಿಗೂ ಕಳ್ಸಲ್ಲ,” ಎಂದ. ಅತ್ತೆ ಅವನ ತಲೆಯ ಮೇಲೆ ಕೈ ಇಡಲಿಲ್ಲ. ನನ್ನನ್ನು ನೋಡಿ, “ಬರಲ್ಲ ಅಂತ ಬರ್ಕೊ,” ಎಂದರು. ಆಯಾ ಬಾಚಣಿಗೆ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದಳು.

ಹೊರಟಾಗ ಹೆಂಡತಿ ಬೇಲಿಯ ತನಕ ನನ್ನ ಹಿಂದೆ ಬಂದಳು. ಬೀಳ್ಕೊಡಲು ಬಂದದ್ದಲ್ಲ.

“ಒಂದ್ವರ್ಸ ನಮ್ ಜಗಲಿ ಮೇಲೆ ಕೂತ್ಕೊಂಡು, ನಮ್ ಕಾಫಿ ಕುಡ್ಕೊಂಡು, ನಮ್ ಮನೆ ಮಾತ್ನೆಲ್ಲಾ ಕೇಳಿದ್ರಿ. ನಾವೇನು ನಿಮ್ಮನೆ ಕಿಟಕೀಲಿ ಬಂದು ನಿಂತಿದ್ವಾ?” ಎಂದಳು. ಆಮೇಲೆ ದನಿ ಇಳಿಸಿ, “ರಾತ್ರಿಯೆಲ್ಲಾ ಎದ್ದೆದ್ದು ಅತ್ತೆ ಮಗ್ಗುಲು ತಿರುಗ್ಸೋಳು ನಾನು. ನನ್ ಸೊಂಟ ಹೋಯ್ತು ಅಂತ ಎಷ್ಟ್ ಸಲ ಕೂಗಿವ್ನಿ. ಅದೂ ಕೇಳಿತ್ತಾ ನಿಮ್ಗೆ? ಕೇಳಿದ್ರೂ ಸುಮ್ನಿದ್ರಾ?”

ಕೇಳಿತ್ತು. ಕೇಳಿದ್ದಕ್ಕೆ ಏನಾದರೂ ಮಾಡಿದರೆ ಗುಟ್ಟು ರಟ್ಟಾಗುತ್ತದಲ್ಲ ಎಂದು ಸುಮ್ಮನಿದ್ದೆ. ಕೊಯಮತ್ತೂರಿಗೆ ಬಂದವಳೇ ಸೆಕ್ರೆಟರಿಯ ಕಾಲು ಕೈ ಹಿಡಿದು ಆ ಮನೆಗೆ ರಾತ್ರಿಗೂ ಒಬ್ಬ ಆಯಾ ಆಗುವಂತೆ ಮಾಡಿದೆ. ಪಲ್ಲಡದವಳ ಓರಗಿತ್ತಿಯೇ ಒಪ್ಪಿದಳು. ಈ ಹೊಂದಿಕೆಯನ್ನು ನಾನು ಯಾವತ್ತೋ ಮಾಡಿಕೊಡಬಹುದಿತ್ತು.

ಕೆಲವು ದಿನ ಕಳೆದ ಮೇಲೆ ಯಜಮಾನ ಆಫೀಸಿಗೆ ಬಂದ. ನಾನು ಹೊರಗೆ ಹೋಗಿದ್ದೆ. ಎಲ್ಲ ಅನುಕೂಲವಾಗಿದೆ, ರಾತ್ರಿ ಆಯಾ ಬಂದ ಮೇಲೆ ಹೆಂಡತಿಗೆ ನಿದ್ದೆಯಾಗುತ್ತಿದೆ, ಅತ್ತೆ ಮನೆಯಲ್ಲೇ ಇರುತ್ತಾರೆ ಎಂದು ಹೇಳಿ ಕೈ ಮುಗಿದನಂತೆ. ಆಮೇಲೆ ಬಹಳ ಸಂಕೋಚದಿಂದ, ಆ ಅಮ್ಮ ಬೇಡ, ತಮಿಳು ಮಾತ್ರ ಗೊತ್ತಿರುವವರನ್ನು ಕಳಿಸಿ ಎಂದು ಕೇಳಿಕೊಂಡನಂತೆ. ಸೆಕ್ರೆಟರಿಗೆ ತಲೆಬುಡ ತಿಳಿಯಲಿಲ್ಲ. ತಮಿಳು ಬರಲ್ಲ ಅಂತ ದೂರು ಬರೋದು ಕಂಡಿದ್ದೆ, ಇದೇನು ವಿಚಿತ್ರ ಎಂದು ನಕ್ಕರು. ನಾನೂ ನಕ್ಕೆ. ಪಲ್ಲಡದ ಕಡೆಯ ಮನೆಗಳು ಇನ್ನೊಬ್ಬಳ ಪಾಲಿಗೆ ಹೋದವು. ನನಗೆ ಉಕ್ಕಡಂ ಸುತ್ತಮುತ್ತಲಿನವು ಬಂದವು. ಮೀನು ಮಾರುಕಟ್ಟೆ ದಾಟಿ ಕೆರೆಯ ಬದಿಯಲ್ಲಿ ನಡೆಯುವಾಗ, ಈಗ ಆ ಜಗಲಿಯ ಮೇಲೆ ಯಾವ ಜಗಳ ನಡೆದಿದೆಯೋ, ಕೆಂದ ಹಸು ಈಯಿತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಅತ್ತೆ ತಮ್ಮ ಕೋಣೆಯಲ್ಲಿದ್ದಾರೆ, ಮನೆ ಆಳುತ್ತಿದ್ದಾರೆ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪ್ರತಿ ತಿಂಗಳ ಮೊದಲ ಶನಿವಾರ ಆಯಾಗಳೆಲ್ಲ ಆಫೀಸಿಗೆ ಬರುವುದು ರೂಢಿ. ಅವತ್ತು ಪಲ್ಲಡದವಳು ಎಲ್ಲರೂ ಹೋಗುವ ತನಕ ಕಾದಿದ್ದು ನನ್ನ ಮೇಜಿನ ಹತ್ತಿರ ಬಂದಳು. ಹಸು ಈಯಿತೇ ಎಂದು ಕೇಳಿದೆ. ಹೆಣ್ಣು ಕರು ಎಂದಳು. ಆಮೇಲೆ ತಮಿಳಿನಲ್ಲಿ, ತನ್ನ ಗಟ್ಟಿ ದನಿಯನ್ನು ಆದಷ್ಟು ತಗ್ಗಿಸಿ ಹೇಳಿದಳು. ನೀವು ಬಂದು ಹೋದ ಮೇಲೆ ಆ ಮನೆಯಲ್ಲಿ ಯಾರೂ ಆ ಕನ್ನಡದ ಮಾತು ಆಡುವುದಿಲ್ಲ ಅಮ್ಮಾ. ನನಗೂ ಒಳಗೊಳಗೇ ಬರುತ್ತದೆ ಎಂದು ಅವರಿಗೆ ಗುಮಾನಿ. ಮಾರಿಯಮ್ಮನ ಮೇಲೆ ಆಣೆ ಮಾಡಿದರೂ ನಂಬುವುದಿಲ್ಲ. ಹಗಲೆಲ್ಲ ನಾನಿರುತ್ತೇನೆ, ರಾತ್ರಿಯೆಲ್ಲ ನನ್ನ ಓರಗಿತ್ತಿ. ಗಂಡ ಹೆಂಡತಿ ಏನಾದರೂ ಮಾತಾಡಬೇಕಾದರೆ ಬಾವಿಯ ಹತ್ತಿರ ಹೋಗುತ್ತಾರೆ. ಮುದುಕಿಯ ಹತ್ತಿರ ಬಂದರೆ ಅವರೂ ತಮಿಳಿನಲ್ಲೇ ಮಾತಾಡಿಸುತ್ತಾರೆ. ಮುದುಕಿ ಈಗ ಯಾರನ್ನೂ ಕೂಗುವುದಿಲ್ಲ. ನಾನು ಮಗ್ಗುಲು ತಿರುಗಿಸಿದರೆ ಬೈಯುವುದೂ ಇಲ್ಲ.

ಅವಳೇ ಮುಂದುವರಿಸಿದಳು. ನಿನ್ನೆ ಮುದುಕಮ್ಮ ನನ್ನ ಕೈ ಹಿಡಿದುಕೊಂಡು, ಆ ಅಮ್ಮನ ಹತ್ತಿರ ಹೋಗಿ ಎರಡು ಮಾತು ಕಲಿತುಕೊಂಡು ಬಾ, ನೀನಾದರೂ ಆಡು ಎಂದರು. ಬೆಳಿಗ್ಗೆ ಹೋದ ತಕ್ಷಣ ನಾನು ಏನು ಕೇಳಬೇಕಮ್ಮಾ, ನಿಮ್ಮ ಮಾತಿನಲ್ಲಿ?

“ರಾತ್ರಿ ನಿದ್ದೆ ಬಂತಾ?” ಎಂದು ಕೇಳು ಎಂದೆ.

ಅವಳು ಎರಡು ಮೂರು ಸಲ ಬಾಯೊಳಗೇ ಹೇಳಿಕೊಂಡಳು. ‘ನಿದ್ದೆ’ ಅನ್ನುವಲ್ಲಿ ನಾಲಿಗೆ ತಡವರಿಸಿತು, ತಿದ್ದಿದೆ. ಆಮೇಲೆ ಪರೀಕ್ಷೆ ಒಪ್ಪಿಸುವವಳ ಹಾಗೆ ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ನಿಂತು, ನನ್ನ ಮುಖ ನೋಡಿ ಕೇಳಿದಳು:

“ರಾತ್ರಿ ನಿದ್ದೆ ಬಂತಾ?”

“ಇಲ್ಲ ಕಣಮ್ಮಾ, ಸರಿಯಾಗಿ ಬರಲಿಲ್ಲ,” ಎಂದೆ.

ಅವಳು ತಲೆಯಾಡಿಸಿದಳು. ಪಾಠದ ಎರಡನೆಯ ಸಾಲು ಅದೇ ಎಂದುಕೊಂಡು, ನನ್ನ ದನಿಯಲ್ಲೇ, ಒಂದಕ್ಷರ ತಪ್ಪದೆ ಹೇಳಿದಳು: “ಇಲ್ಲ ಕಣಮ್ಮಾ, ಸರಿಯಾಗಿ ಬರಲಿಲ್ಲ.”